ಕೊಡುವ ಕೈಯ ಸಂತೋಷ: ವೃದ್ಧರ ಶುಶ್ರೂಷಾಲಯಗಳಿಗೆ ನಾಯಿ ಬಂದ ಚರಿತ್ರೆ

ಮುಪ್ಪಿನ ದುಃಖಗಳನ್ನು ಎಣಿಸುವಾಗ ನಾವು ಸಾಮಾನ್ಯವಾಗಿ ರೋಗವನ್ನೂ ನಿಶ್ಶಕ್ತಿಯನ್ನೂ ಬಂಧುಗಳ ಅಗಲಿಕೆಯನ್ನೂ ಹೆಸರಿಸುತ್ತೇವೆ. ಇವುಗಳ ಜೊತೆಗೆ, ಹೊರಗಿನವರ ಕಣ್ಣಿಗೆ ಬೀಳದ ಮತ್ತೊಂದು ದುಃಖವೂ ಇದೆ. ಬದುಕಿನುದ್ದಕ್ಕೂ ಮಕ್ಕಳಿಗೆ ಉಣಿಸಿದ, ಗಿರಾಕಿಗೆ ತೂಗಿ ಕೊಟ್ಟ, ದನಕರುಗಳಿಗೆ ಹುಲ್ಲುನೀರು ಇಟ್ಟ ಕೈ ಕಡೆಗಾಲದಲ್ಲಿ ಕೇವಲ ಪಡೆಯುವ ಕೈಯಾಗಿಬಿಡುತ್ತದೆ. ಅನ್ನವನ್ನು ಯಾರೋ ಬಡಿಸುತ್ತಾರೆ, ಸ್ನಾನವನ್ನು ಯಾರೋ ಮಾಡಿಸುತ್ತಾರೆ, ಔಷಧಿಯನ್ನು ಯಾರೋ ಕೊಡುತ್ತಾರೆ. ವ್ಯಾಪಾರಸ್ಥರ ಭಾಷೆಯಲ್ಲಿ ಹೇಳುವುದಾದರೆ, ಖಾತೆಯಲ್ಲಿ ಪಡೆದ ಬದಿ ದಿನದಿನವೂ ತುಂಬುತ್ತದೆ. ಕೊಟ್ಟ ಬದಿಯಲ್ಲಿ ಬರೆಯಲು ಏನೂ ಇರುವುದಿಲ್ಲ. ಸ್ವಾಭಿಮಾನವುಳ್ಳ ಮನುಷ್ಯನಿಗೆ ಅಂತಹ ಖಾತೆ ತೀರಿಸಲಾಗದ ಸಾಲದಂತೆ ತೋರುತ್ತದೆ.

ಈ ದುಃಖಕ್ಕೆ ಒಂದು ಮೂಕಪ್ರಾಣಿಯಿಂದ ಉಪಶಮನ ದೊರೆತ ಬಗೆಯನ್ನು ಪಾಶ್ಚಾತ್ಯ ದೇಶಗಳ ಕಳೆದ ಎರಡು ಶತಮಾನಗಳ ಚರಿತ್ರೆಯಿಂದ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಆರಂಭದಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಖಾಸಗಿ ಆಸ್ಪತ್ರೆಯೆಂದೇ ರೂಢಿ. ಇಂಗ್ಲೆಂಡ್, ಅಮೆರಿಕಗಳಲ್ಲಿ ಆ ಹೆಸರು ಬೇರೊಂದು ಸಂಸ್ಥೆಗೆ ಸಲ್ಲುತ್ತದೆ. ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳಲಾರದ ವೃದ್ಧರು ತಿಂಗಳುಗಟ್ಟಲೆ, ಅನೇಕ ವೇಳೆ ಜೀವಮಾನದ ಕೊನೆಯವರೆಗೂ, ವಾಸವಾಗಿರುವ ಶುಶ್ರೂಷಾಲಯ ಅದು. ಅಲ್ಲಿಗೆ ಹೋಗುವವರು ಮನೆಯನ್ನು, ನೆರೆಹೊರೆಯನ್ನು, ಬಹುಮಟ್ಟಿಗೆ ತಾವು ಸಾಕಿದ ನಾಯಿಯನ್ನು ಕೂಡ ಬಿಟ್ಟು ಹೋಗಬೇಕಾಗಿತ್ತು. ಹಾಗೆ ಬಾಗಿಲಲ್ಲಿಯೇ ತಡೆಯಲ್ಪಟ್ಟ ನಾಯಿ ಮತ್ತೆ ಒಳಗೆ ಬಂದ ಕಥೆ ಇದು.

ಯಾರ್ಕ್ ನಗರದ ಚಹಾ ವ್ಯಾಪಾರಿ

ಈ ಚರಿತ್ರೆಯ ಮೊದಲ ಪುಟದಲ್ಲಿರುವವರು ವೈದ್ಯರಲ್ಲ, ಒಬ್ಬ ವರ್ತಕರು. ವಿಲಿಯಂ ಟ್ಯೂಕ್ (1732-1822) ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಚಹಾ ಮತ್ತು ಕಾಫಿಯ ವ್ಯಾಪಾರ ನಡೆಸುತ್ತಿದ್ದವರು; ಕ್ವೇಕರ್ ಎಂಬ ಶಾಂತಿಪ್ರಿಯ ಕ್ರೈಸ್ತ ಪಂಥಕ್ಕೆ ಸೇರಿದವರು. 1790ರಲ್ಲಿ ಅದೇ ಪಂಥದ ಹ್ಯಾನಾ ಮಿಲ್ಸ್ ಎಂಬ ವಿಧವೆಯನ್ನು ಆ ಊರಿನ ಹುಚ್ಚಾಸ್ಪತ್ರೆಗೆ ಸೇರಿಸಲಾಯಿತು. ಪಂಥದ ಬಾಂಧವರು ನೋಡಲು ಹೋದಾಗ ಅವರಿಗೆ ಪ್ರವೇಶ ದೊರೆಯಲಿಲ್ಲ. ಕೆಲವೇ ವಾರಗಳಲ್ಲಿ ಆಕೆ ತೀರಿಕೊಂಡರು. ಮಾನಸಿಕ ರೋಗಿಗಳನ್ನು ಸರಪಳಿಯಿಂದ ಬಿಗಿಯುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಈ ಸಾವಿನಿಂದ ನೊಂದ ಟ್ಯೂಕ್ ಅವರು ತಮ್ಮವರಿಂದ ಹಣ ಕೂಡಿಸಿ 1796ರಲ್ಲಿ 'ರಿಟ್ರೀಟ್' ಎಂಬ ಆಶ್ರಯಧಾಮವನ್ನು ತೆರೆದರು. ಸರಪಳಿಯ ಸ್ಥಾನದಲ್ಲಿ ಸೌಜನ್ಯ, ಭಯದ ಸ್ಥಾನದಲ್ಲಿ ವಿಶ್ವಾಸ ಎಂಬುದೇ ಅದರ ನೀತಿಯಾಗಿತ್ತು.

ಟ್ಯೂಕ್ ಅವರ ಮೊಮ್ಮಗ ಸ್ಯಾಮುಯೆಲ್ ಟ್ಯೂಕ್ 1813ರಲ್ಲಿ ಈ ಧಾಮದ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ರೋಗಿಗಳು ಅಡ್ಡಾಡುವ ಅಂಗಳಗಳಲ್ಲಿ ಮೊಲ, ಕೋಳಿ, ಕಡಲಹಕ್ಕಿ ಮುಂತಾದ ಪ್ರಾಣಿಪಕ್ಷಿಗಳನ್ನು ಬಿಟ್ಟಿದ್ದ ಸಂಗತಿ ಅದರಿಂದ ತಿಳಿಯುತ್ತದೆ. ಆ ಪಟ್ಟಿಯಲ್ಲಿ ನಾಯಿ ಇಲ್ಲ. ಆದರೆ ಈ ವ್ಯವಸ್ಥೆಗೆ ಅವರು ನೀಡಿದ ಕಾರಣ ನಮ್ಮ ವಿಷಯಕ್ಕೆ ತಳಹದಿಯಾಗಿದೆ. ಪ್ರಾಣಿಗಳ ಸಹವಾಸ ರೋಗಿಗೆ ನಿರ್ದೋಷವಾದ ವಿನೋದವನ್ನು ಕೊಡುವುದಲ್ಲದೆ, ಅವನೊಳಗೆ ಮಲಗಿರುವ ಸ್ನೇಹವನ್ನೂ ಪರಹಿತದ ಭಾವನೆಯನ್ನೂ ಕೆಲವೊಮ್ಮೆ ಎಚ್ಚರಗೊಳಿಸುತ್ತದೆ ಎಂಬುದು ಅವರ ಅನುಭವ. ಎಲ್ಲರ ದಯೆಗೆ ಪಾತ್ರನಾದ ರೋಗಿ ತಾನೂ ದಯೆ ತೋರಬಲ್ಲನೆಂದು ಅವರು ಗುರುತಿಸಿದ್ದರು.

ನೈಟಿಂಗೇಲ್ ಅವರ ಸೂಚನೆ

ಆಧುನಿಕ ದಾದಿವೃತ್ತಿಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ (1820-1910) ಅವರ ಹೆಸರು ವಾಚಕರಿಗೆ ಪರಿಚಿತವೇ ಆಗಿದೆ. ಕ್ರಿಮಿಯಾ ಯುದ್ಧದ ಸೇವೆಯನ್ನು ಮುಗಿಸಿ 1856ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಅನಂತರ ಅವರೇ ದೀರ್ಘ ಕಾಯಿಲೆಗೆ ತುತ್ತಾಗಿ ವರ್ಷಗಟ್ಟಲೆ ಕೋಣೆಯಲ್ಲಿಯೇ ಕಾಲ ಕಳೆಯಬೇಕಾಯಿತು. ಆ ಕಾಲದಲ್ಲಿಯೇ, ಎಂದರೆ 1859ರಲ್ಲಿ, ಶುಶ್ರೂಷೆಯನ್ನು ಕುರಿತ ತಮ್ಮ ಪ್ರಸಿದ್ಧ ಪುಸ್ತಕವನ್ನು ಅವರು ಬರೆದರು. ಹಾಸಿಗೆಯ ಪಕ್ಕದಲ್ಲಿ ನಿಂತವರ ಅನುಭವವೂ ಹಾಸಿಗೆಯ ಮೇಲೆ ಮಲಗಿದವರ ಅನುಭವವೂ ಅದರಲ್ಲಿ ಕೂಡಿಬಂದಿವೆ.

ಬಹುಕಾಲ ಗುಣವಾಗದ ಕಾಯಿಲೆಯವರಿಗೆ ಒಂದು ಸಣ್ಣ ಸಾಕುಪ್ರಾಣಿ ಅತ್ಯುತ್ತಮ ಸಂಗಾತಿಯೆಂದು ಅವರು ಅಲ್ಲಿ ಹೇಳುತ್ತಾರೆ. ದಾದಿಯ ಆರೈಕೆಯನ್ನೂ ನಾಯಿಯ ಆರೈಕೆಯನ್ನೂ ಕಂಡಿದ್ದ ರೋಗಿಯೊಬ್ಬನು ನಾಯಿಯನ್ನೇ ಮೆಚ್ಚಿದನಂತೆ. ಅದು ಮಾತನಾಡುವುದಿಲ್ಲವೆಂಬುದು ಅವನು ಕೊಟ್ಟ ಮುಖ್ಯ ಕಾರಣ! ಈ ವಿನೋದದ ಪಕ್ಕದಲ್ಲಿಯೇ ಗಂಭೀರವಾದ ಒಂದು ಸೂಚನೆಯಿದೆ. ಪ್ರಾಣಿಗೆ ತಿನ್ನಿಸುವ, ಅದನ್ನು ಶುಚಿಗೊಳಿಸುವ ಕೆಲಸವನ್ನು ರೋಗಿಯೇ ಮಾಡಬಲ್ಲವನಾದರೆ ಹಾಗೆ ಮಾಡಲು ಅವನಿಗೆ ಯಾವಾಗಲೂ ಉತ್ತೇಜನ ಕೊಡಬೇಕೆಂದು ಅವರು ಬರೆದರು. ಪ್ರಾಣಿಯನ್ನು ತೋರಿಸಿ ರಂಜಿಸಿದರೆ ಸಾಲದು, ಅದರ ಹೊಣೆಯಲ್ಲಿ ರೋಗಿಗೂ ಪಾಲಿರಬೇಕು ಎಂಬುದು ಇದರ ಭಾವ.

ಅನಂತರದ ಕಾಲದಲ್ಲಿ ಈ ಸೂಚನೆ ಮೂಲೆಗೆ ಬಿದ್ದಿತು. ರೋಗಾಣುಗಳ ಜ್ಞಾನ ಹರಡಿ ಆಸ್ಪತ್ರೆಗಳು ನಿರ್ಮಲವಾದವು. ಅಸಂಖ್ಯಾತ ಪ್ರಾಣಗಳು ಉಳಿದವು. ಅದು ಮಹದುಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ವೃದ್ಧರ ಶುಶ್ರೂಷಾಲಯಗಳೂ ಆಸ್ಪತ್ರೆಯ ಮಾದರಿಯಲ್ಲಿಯೇ ಕಟ್ಟಲ್ಪಟ್ಟವು. ಹತ್ತು ದಿನಕ್ಕೆ ಗುಣಹೊಂದಿ ಹೊರಡುವವನಿಗೆ ಒಪ್ಪುವ ನಿಯಮ ಹತ್ತು ವರ್ಷ ಬಾಳಬೇಕಾದವನಿಗೂ ಅನ್ವಯಿಸಿತು. ನಾಯಿ ಎಂದರೆ ಮೈಲಿಗೆ, ಕೂದಲು, ಕಡಿತ ಎಂಬ ಭಾವನೆಯೇ ಉಳಿಯಿತು.

ನಗೆಗೀಡಾದ ವೈದ್ಯ, ಪ್ರಯೋಗದ ನಾಯಿಗಳು

ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಈ ವಿಚಾರ ಮತ್ತೆ ತಲೆಯೆತ್ತಿದ್ದು ಅಮೆರಿಕದಲ್ಲಿ. ಬೋರಿಸ್ ಲೆವಿನ್ಸನ್ (1907-1984) ಅವರು ಮಕ್ಕಳ ಮನಶ್ಶಾಸ್ತ್ರಜ್ಞರು. ಯಾರೊಡನೆಯೂ ಬೆರೆಯದ ಒಬ್ಬ ಹುಡುಗನನ್ನು ಗೊತ್ತಾದ ಸಮಯಕ್ಕಿಂತ ಮುಂಚೆಯೇ ಅವರಲ್ಲಿಗೆ ಕರೆತಂದಾಗ ಅವರ ನಾಯಿ ಜಿಂಗಲ್ಸ್ ಅಲ್ಲಿಯೇ ಇದ್ದಿತು. ಹುಡುಗನು ವೈದ್ಯರಿಗಿಂತ ಮೊದಲು ನಾಯಿಯೊಡನೆ ಸ್ನೇಹ ಬೆಳೆಸಿದನು. ಆ ಸ್ನೇಹದ ಮೂಲಕ ವೈದ್ಯರಿಗೂ ದಾರಿ ತೆರೆಯಿತು. 1961ರಲ್ಲಿ ಲೆವಿನ್ಸನ್ ಅವರು ಈ ಅನುಭವವನ್ನು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಸಭೆಯಲ್ಲಿ ಮಂಡಿಸಿದಾಗ, ಶುಲ್ಕದಲ್ಲಿ ನಾಯಿಗೆ ಎಷ್ಟು ಪಾಲೆಂದು ಕೆಲವರು ನಗೆಯಾಡಿದರಂತೆ. ಅವರು ಎದೆಗುಂದಲಿಲ್ಲ. ಮರುವರ್ಷ ಲೇಖನವನ್ನು ಪ್ರಕಟಿಸಿದರು. 1969ರಲ್ಲಿ ಸಾಕುಪ್ರಾಣಿಗಳು ಮತ್ತು ವೃದ್ಧಾಪ್ಯವೆಂಬ ವಿಷಯವನ್ನೇ ಕುರಿತು ಬರೆದು, ಮಕ್ಕಳಿಗೆ ಆದ ಉಪಕಾರ ಮುದುಕರಿಗೂ ಆಗಬಹುದೆಂದು ತೋರಿಸಿದರು.

ಇದರ ಮುಂದಿನ ಹೆಜ್ಜೆ ನಮ್ಮನ್ನು ಯೋಚನೆಗೆ ಹಚ್ಚುವಂತಹುದು. ಒಹಾಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಸ್ಯಾಮುಯೆಲ್ ಕಾರ್ಸನ್ ಅವರೂ ಅವರ ಪತ್ನಿ ಎಲಿಜಬೆತ್ ಅವರೂ ನಾಯಿಗಳನ್ನು ಇಟ್ಟುಕೊಂಡಿದ್ದುದು ಮಾನಸಿಕ ಒತ್ತಡದ ಪ್ರಯೋಗಗಳಿಗಾಗಿ. ಸಮೀಪದ ಮನೋರೋಗ ವಿಭಾಗದಲ್ಲಿದ್ದ ಕೆಲವು ರೋಗಿಗಳು ದಾದಿಯರೊಡನೆಯೂ ಮಾತನಾಡದೆ ಕುಳಿತಿರುತ್ತಿದ್ದರು. ಅವರು ಆ ನಾಯಿಗಳ ಬೊಗಳುವಿಕೆಯನ್ನು ಕೇಳಿ, ನಾಯಿಗಳನ್ನು ನೋಡಬಹುದೇ ಎಂದು ವಿಚಾರಿಸತೊಡಗಿದರು. 1970ರ ದಶಕದಲ್ಲಿ ಕಾರ್ಸನ್ ದಂಪತಿಗಳು ನಾಯಿಗಳನ್ನು ರೋಗಿಗಳ ಬಳಿಗೆ ಒಯ್ದರು. ಅವರ ವರದಿಯಂತೆ 50 ಮಂದಿಯಲ್ಲಿ 47 ಮಂದಿಗೆ ಏನಾದರೂ ಸುಧಾರಣೆ ಕಂಡಿತು. ಮೂವರು ಮಾತ್ರ ನಾಯಿಯನ್ನು ಒಪ್ಪಲಿಲ್ಲ. ಮನುಷ್ಯನು ತನ್ನ ಕುತೂಹಲಕ್ಕಾಗಿ ಗೂಡಿನಲ್ಲಿ ಕೂಡಿಹಾಕಿದ ಪ್ರಾಣಿಗಳೇ ಮನುಷ್ಯನ ಮೌನವನ್ನು ಬಿಡಿಸಿದವು. ಈ ಸಂಗತಿಯಲ್ಲಿ ವಿಜ್ಞಾನಕ್ಕೂ ಒಂದು ನೀತಿಪಾಠವಿದೆ.

ಅಲ್ಲಿಂದ ಕಾರ್ಸನ್ ದಂಪತಿಗಳು ಒಹಾಯೋದ ಮಿಲ್ಲರ್ಸ್‌ಬರ್ಗ್ ಎಂಬ ಊರಿನ ವೃದ್ಧರ ಶುಶ್ರೂಷಾಲಯಕ್ಕೆ ನಾಯಿಗಳನ್ನು ತಂದರು. ಅಲ್ಲಿ ಒಬ್ಬ ವೃದ್ಧನಿದ್ದನು. ತಲೆಗೆ ಪೆಟ್ಟು ಬಿದ್ದು ಅಲ್ಲಿಗೆ ಸೇರಿದ ಅವನು 26 ವರ್ಷಗಳ ಕಾಲ ಮಾತನಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅವನನ್ನು ಕಿವುಡನೂ ಮೂಗನೂ ಎಂದೇ ಭಾವಿಸಿದ್ದರು. ನಾಯಿ ಎದುರಿಗೆ ಬಂದಾಗ ಅವನ ಬಾಯಿಂದ ಮಾತು ಹೊರಟಿತು. ಅದು ನಾಯಿಯನ್ನು ಕುರಿತ ಮಾತೇ ಆಗಿತ್ತು. ಕ್ರಮೇಣ ಅವನು ಸಿಬ್ಬಂದಿಯೊಡನೆಯೂ ಸಹವಾಸಿಗಳೊಡನೆಯೂ ನಾಯಿಯ ವಿಷಯವಾಗಿ ಮಾತನಾಡತೊಡಗಿದನು, ನಾಯಿಯ ಚಿತ್ರಗಳನ್ನು ಬರೆಯತೊಡಗಿದನು. ಇದನ್ನು ಪವಾಡವೆಂದು ಹೊಗಳುವುದಕ್ಕಿಂತ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳುವುದು ಲೇಸು. ಅಷ್ಟು ವರ್ಷಗಳ ಕಾಲ ಊಟ, ಔಷಧಿ, ಹಾಸಿಗೆ ಎಲ್ಲವೂ ಅವನಿಗೆ ದೊರೆತಿದ್ದವು. ಮಾತನಾಡಲು ಒಂದು ಕಾರಣ ಮಾತ್ರ ದೊರೆತಿರಲಿಲ್ಲ.

ಇದೇ ಕಾಲದಲ್ಲಿ ಸ್ವಯಂಸೇವಕರ ಸಂಘಗಳೂ ಹುಟ್ಟಿಕೊಂಡವು. ಇಂಗ್ಲೆಂಡಿನಲ್ಲಿ ಕೆಲಸ ಮಾಡಿಬಂದ ದಾದಿ ಎಲೇನ್ ಸ್ಮಿತ್ ಅವರು 1976ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ನಾಯಿಗಳನ್ನು ರೋಗಿಗಳ ಭೇಟಿಗೆ ಒಯ್ಯುವ ಸಂಸ್ಥೆಯನ್ನು ಸ್ಥಾಪಿಸಿದರು. 1983ರಲ್ಲಿ ಇಂಗ್ಲೆಂಡಿನ ಲೆಸ್ಲಿ ಸ್ಕಾಟ್ ಆರ್ಡಿಶ್ ಅವರು ಇದೇ ಉದ್ದೇಶದ 'ಪೆಟ್ಸ್ ಆಸ್ ಥೆರಪಿ' ಎಂಬ ಸಂಸ್ಥೆಯನ್ನು ಕಟ್ಟಿದರು. ತಮ್ಮ ಮನೆಯ ಶಾಂತಸ್ವಭಾವದ ನಾಯಿಯನ್ನು ಪರೀಕ್ಷೆಗೆ ಒಳಪಡಿಸಿ, ಒಪ್ಪಿಗೆ ಪಡೆದು, ವಾರಕ್ಕೊಮ್ಮೆ ವೃದ್ಧರ ಬಳಿಗೆ ಕರೆದೊಯ್ಯುವ ಗೃಹಸ್ಥರು ಸಾವಿರಾರು ಮಂದಿಯಾದರು.

ನ್ಯೂ ಬರ್ಲಿನ್ನಿನ ಪ್ರಯೋಗ

ಇದುವರೆಗಿನ ಪ್ರಯತ್ನಗಳಲ್ಲಿ ನಾಯಿ ಬಹುಮಟ್ಟಿಗೆ ಅತಿಥಿಯಾಗಿತ್ತು, ಬಂದು ಹೋಗುತ್ತಿತ್ತು. ಅದನ್ನು ಮನೆಯ ನಿವಾಸಿಯನ್ನಾಗಿ ಮಾಡಿದ ಪ್ರಸಿದ್ಧ ಪ್ರಯೋಗ ನ್ಯೂಯಾರ್ಕ್ ರಾಜ್ಯದ ನ್ಯೂ ಬರ್ಲಿನ್ ಎಂಬ ಸಣ್ಣ ಊರಿನಲ್ಲಿ ನಡೆಯಿತು. 1991ರಲ್ಲಿ ಬಿಲ್ ಥಾಮಸ್ ಎಂಬ ತರುಣ ವೈದ್ಯರು ಅಲ್ಲಿನ ಚೇಸ್ ಮೆಮೊರಿಯಲ್ ಶುಶ್ರೂಷಾಲಯದ ವೈದ್ಯಾಧಿಕಾರಿಯಾದರು. ಅಲ್ಲಿ 80 ಮಂದಿ ವೃದ್ಧರಿದ್ದರು. ಬಹುಪಾಲು ಮಂದಿಗೆ ಮರೆವಿನ ರೋಗ. ಒಮ್ಮೆ ಒಬ್ಬ ವೃದ್ಧೆಯ ಚರ್ಮದ ತೊಂದರೆಯನ್ನು ಪರೀಕ್ಷಿಸಲು ಹೋದಾಗ ಆಕೆ ಅವರ ತೋಳನ್ನು ಹಿಡಿದು ತಾನು ಬಹಳ ಒಂಟಿಯೆಂದು ಹೇಳಿದಳಂತೆ. ಚರ್ಮಕ್ಕೆ ಅವರಲ್ಲಿ ಔಷಧಿಯಿತ್ತು. ಈ ಮಾತಿಗೆ ಇರಲಿಲ್ಲ.

ಥಾಮಸ್ ಅವರು ಯೋಚಿಸಿ ಮೂರು ಪಿಡುಗುಗಳನ್ನು ಗುರುತಿಸಿದರು. ಒಂಟಿತನ, ಬೇಸರ ಮತ್ತು ಅಸಹಾಯಕತೆ. ಒಂಟಿತನಕ್ಕೆ ಸಂಗಾತಿ ಬೇಕು, ಬೇಸರಕ್ಕೆ ದಿನದಿನದ ಹೊಸತನ ಬೇಕು. ಮೂರನೆಯದಕ್ಕೆ ಅವರು ಹೇಳಿದ ಪರಿಹಾರ ವಿಶೇಷವಾದುದು. ಅಸಹಾಯಕತೆಗೆ ಹೆಚ್ಚಿನ ಸಹಾಯ ಮದ್ದಲ್ಲ. ಇನ್ನೊಂದು ಜೀವವನ್ನು ಪೋಷಿಸುವ ಅವಕಾಶವೇ ಅದಕ್ಕೆ ಮದ್ದು. ಟ್ಯೂಕ್ ಅವರ ಅಂಗಳವೂ ನೈಟಿಂಗೇಲ್ ಅವರ ಸೂಚನೆಯೂ ಇಲ್ಲಿ ಹೊಸ ರೂಪದಲ್ಲಿ ಮರಳಿ ಬಂದುದನ್ನು ವಾಚಕರು ಗಮನಿಸಬಹುದು.

ಇದಕ್ಕಾಗಿ ಅವರು ಸರಕಾರದಿಂದ ಧನಸಹಾಯವನ್ನೂ ನಿಯಮಗಳ ಸಡಿಲಿಕೆಯನ್ನೂ ಪಡೆದು, ಎರಡು ನಾಯಿ, ನಾಲ್ಕು ಬೆಕ್ಕು, ನೂರು ಪುಟ್ಟ ಗಿಳಿಗಳು, ಮೊಲಗಳು, ಕೋಳಿಗಳು ಇಷ್ಟನ್ನೂ ಆ ಶುಶ್ರೂಷಾಲಯಕ್ಕೆ ತರಿಸಿದರು. ಕೋಣೆಗಳಲ್ಲಿದ್ದ ಪ್ಲಾಸ್ಟಿಕ್ ಗಿಡಗಳ ಸ್ಥಾನದಲ್ಲಿ ಜೀವಂತ ಸಸಿಗಳು ಬಂದವು. ಸಿಬ್ಬಂದಿಯ ಮಕ್ಕಳಿಗೂ ಅಲ್ಲಿ ಪ್ರವೇಶ ದೊರೆಯಿತು. ಆರಂಭ ಸುಗಮವಾಗಿರಲಿಲ್ಲ. ಗಿಳಿಗಳು ಬಂದ ದಿನ ಪಂಜರಗಳು ಬಂದಿರಲಿಲ್ಲ. ತಂದವನು ನೂರು ಹಕ್ಕಿಗಳನ್ನೂ ಕ್ಷೌರದ ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕಿ ಹೊರಟುಹೋದನು. ಗಾಜಿನಾಚೆ ಹಾರಾಡುವ ಹಕ್ಕಿಗಳನ್ನು ನೋಡಿ ವೃದ್ಧರೂ ಸಿಬ್ಬಂದಿಯೂ ಮನಸಾರೆ ನಕ್ಕರು. ನಾಯಿ ನೆಲದ ಮೇಲೆ ಹೊಲಸು ಮಾಡಿದಾಗ ಅದನ್ನು ಯಾರು ತೆಗೆಯಬೇಕೆಂಬ ಜಗಳವೂ ನಡೆಯಿತು. ಅದು ತನ್ನ ಕೆಲಸವಲ್ಲವೆಂದು ದಾದಿಯರಲ್ಲಿ ಕೆಲವರು ವಾದಿಸಿದರು. ಮನೆಯಲ್ಲಿ ಇಂತಹ ಕೆಲಸ ಕಣ್ಣಿಗೆ ಬಿದ್ದವರದು. ಸಂಸ್ಥೆಯಲ್ಲಿ ಅದು ಯಾರದ್ದೂ ಅಲ್ಲ. ಒಂದು ಕಟ್ಟಡವು ಮನೆಯಾಗಿದೆಯೋ ಸಂಸ್ಥೆಯಾಗಿಯೇ ಉಳಿದಿದೆಯೋ ಎಂಬುದಕ್ಕೆ ಈ ಜಗಳವೇ ಒಂದು ಪರೀಕ್ಷೆಯಾಗಿದ್ದಿತು.

ಆ ಎರಡು ನಾಯಿಗಳಲ್ಲಿ ಒಂದು ಗ್ರೇಹೌಂಡ್ ಜಾತಿಯದು, ಹೆಸರು ಟಾರ್ಗೆಟ್. ಇನ್ನೊಂದು ಮಡಿಲಲ್ಲಿ ಹಿಡಿಸುವ ಸಣ್ಣ ನಾಯಿ, ಹೆಸರು ಜಿಂಜರ್. ದಿನ ಕಳೆದಂತೆ ಮಾತು ಬಿಟ್ಟಿದ್ದವರು ಮಾತನಾಡಿದರು. ಗಿಳಿಗಳಲ್ಲಿ ಬಹುತೇಕ ಎಲ್ಲಕ್ಕೂ ವೃದ್ಧರು ಹೆಸರಿಟ್ಟರು. ಕೋಣೆಯಿಂದ ಹೊರಗೆ ಬಾರದಿದ್ದವರು, ನಡೆಯಲಾರರೆಂದು ಎಣಿಸಲ್ಪಟ್ಟಿದ್ದವರು, ದಾದಿಯರ ಬಳಿಗೆ ತಾವಾಗಿಯೇ ಬಂದು ನಾಯಿಯನ್ನು ತಿರುಗಾಡಿಸಿಕೊಂಡು ಬರುವುದಾಗಿ ಕೇಳಿದರು. ಅವರಿಗೆ ವ್ಯಾಯಾಮ ಮಾಡಿರೆಂದು ಈ ಹಿಂದೆ ಎಷ್ಟು ಬಾರಿ ಹೇಳಿರಲಾರರು? ತನ್ನ ಹಿತಕ್ಕಾಗಿ ಏಳದ ಕಾಲುಗಳು ನಾಯಿಯ ಹಿತಕ್ಕಾಗಿ ಎದ್ದವು.

ನೆರೆಯ ಮತ್ತೊಂದು ಶುಶ್ರೂಷಾಲಯದೊಡನೆ ಹೋಲಿಸಿ ನೋಡಿದಾಗ ಚೇಸ್‌ನಲ್ಲಿ ತಲಾ ಔಷಧಿಗಳ ಸಂಖ್ಯೆ ಅರ್ಧಕ್ಕೆ ಇಳಿದಿತ್ತು, ಔಷಧಿಯ ವೆಚ್ಚ ಅಲ್ಲಿನದರ ಶೇಕಡ 38ರಷ್ಟಿತ್ತು, ಮರಣಗಳು ಶೇಕಡ 15ರಷ್ಟು ಕಡಿಮೆಯಾಗಿದ್ದವು. 'ಈಡನ್ ಆಲ್ಟರ್ನೆಟಿವ್' ಎಂಬ ಹೆಸರಿನಿಂದ ಈ ಪದ್ಧತಿ ಅನೇಕ ದೇಶಗಳಿಗೆ ಹರಡಿತು. ಭಾರತೀಯ ಮೂಲದ ಶಸ್ತ್ರವೈದ್ಯ ಅತುಲ್ ಗವಾಂಡೆ ಅವರು ಮುಪ್ಪು ಮತ್ತು ಮರಣವನ್ನು ಕುರಿತ ತಮ್ಮ 2014ರ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ನಿರೂಪಿಸಿದ ಮೇಲೆ ಸಾಮಾನ್ಯ ವಾಚಕರಿಗೂ ಇದರ ಪರಿಚಯವಾಯಿತು.

ಎಣಿಕೆಯ ಒರೆಗಲ್ಲು

ಒಳ್ಳೆಯ ಸುದ್ದಿಯನ್ನು ಕೇಳಿದಾಗ ಲೆಕ್ಕವನ್ನು ಇನ್ನಷ್ಟು ಎಚ್ಚರದಿಂದ ನೋಡುವುದು ವ್ಯಾಪಾರದ ಶಿಸ್ತು. ವಿಚಾರದಲ್ಲಿಯೂ ಅದೇ ಯೋಗ್ಯ. ಚೇಸ್‌ನಲ್ಲಿ ನಾಯಿಗಳ ಜೊತೆಗೆ ಹಕ್ಕಿಗಳೂ ಸಸಿಗಳೂ ಮಕ್ಕಳೂ ಬಂದಿದ್ದುದರಿಂದ ಫಲವೆಲ್ಲವನ್ನೂ ನಾಯಿಯ ಹೆಸರಿಗೆ ಜಮಾ ಮಾಡಲಾಗದು. ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೃದ್ರೋಗದಿಂದ ಆಸ್ಪತ್ರೆ ಸೇರಿದ್ದ 92 ಮಂದಿಯನ್ನು ಒಂದು ವರ್ಷ ಗಮನಿಸಲಾಗಿತ್ತು. ಸಾಕುಪ್ರಾಣಿಯಿದ್ದ 53 ಮಂದಿಯಲ್ಲಿ ತೀರಿಕೊಂಡವರು 3 ಮಂದಿ, ಇಲ್ಲದ 39 ಮಂದಿಯಲ್ಲಿ 11 ಮಂದಿ. ಈ ಅಂಕಿಗಳು ಜಗತ್ತಿನಲ್ಲೆಲ್ಲಾ ಸುದ್ದಿಯಾದವು. ಆದರೆ ಆಸ್ಟ್ರೇಲಿಯದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಇಂತಹುದೇ ಅಧ್ಯಯನ ಇದಕ್ಕೆ ವಿರುದ್ಧವಾದ ಫಲವನ್ನು ತೋರಿಸಿತು. ಆದುದರಿಂದ ನಾಯಿ ಆಯುಷ್ಯವನ್ನು ಹೆಚ್ಚಿಸುತ್ತದೆಂದು ಸಾರುವುದು ದುಡುಕು.

ಒಂಟಿತನದ ವಿಷಯದಲ್ಲಿ ಸಾಕ್ಷ್ಯ ಸ್ವಲ್ಪ ಗಟ್ಟಿಯಾಗಿದೆ. ಮೇರಿಯನ್ ಬ್ಯಾಂಕ್ಸ್ ಮತ್ತು ವಿಲಿಯಂ ಬ್ಯಾಂಕ್ಸ್ ಅವರು 2002ರಲ್ಲಿ ಶುಶ್ರೂಷಾಲಯಗಳ 45 ಮಂದಿ ನಿವಾಸಿಗಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿಗೆ ನಾಯಿಯ ಭೇಟಿಯಿಲ್ಲ; ಇನ್ನೊಂದಕ್ಕೆ ವಾರಕ್ಕೊಮ್ಮೆ ಅರ್ಧ ಗಂಟೆ; ಮತ್ತೊಂದಕ್ಕೆ ವಾರಕ್ಕೆ ಮೂರು ಸಲ. ಆರು ವಾರಗಳ ಬಳಿಕ ನಾಯಿ ಬಂದುಹೋದ ಎರಡು ಗುಂಪುಗಳಲ್ಲಿಯೂ ಒಂಟಿತನದ ಭಾವನೆ ತಗ್ಗಿತ್ತು. 2005ರ ಅವರ ಮತ್ತೊಂದು ಅಧ್ಯಯನದಲ್ಲಿ ಗುಂಪಿನ ನಡುವಿಗಿಂತ ಒಬ್ಬೊಬ್ಬರೇ ನಾಯಿಯೊಡನೆ ಕಳೆದ ಸಮಯ ಹೆಚ್ಚು ಫಲಕಾರಿಯಾಯಿತು. ಮರೆವಿನ ರೋಗಿಗಳ ಬಗ್ಗೆ 2019ರಲ್ಲಿ ನಡೆದ ಒಂದು ಸಮಗ್ರ ಪರಿಶೀಲನೆಯಲ್ಲಿ 9 ಪ್ರಯೋಗಗಳನ್ನು, ಅವುಗಳಲ್ಲಿದ್ದ 305 ಮಂದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು. ಖಿನ್ನತೆ ಅಲ್ಪಸ್ವಲ್ಪ ಕಡಿಮೆಯಾಗಬಹುದು, ಉಳಿದ ವಿಷಯಗಳಲ್ಲಿ ಖಚಿತವಾಗಿ ಹೇಳಲು ಸಾಕ್ಷ್ಯ ಸಾಲದು ಎಂಬುದೇ ಅದರ ತೀರ್ಮಾನ.

2008ರಲ್ಲಿ ಅದೇ ಬ್ಯಾಂಕ್ಸ್ ಅವರೂ ಸಂಗಡಿಗರೂ ಪ್ರಕಟಿಸಿದ ಮತ್ತೊಂದು ಪ್ರಯೋಗ ಕೌತುಕಕರವಾದುದು. ಕೆಲವು ವೃದ್ಧರ ಬಳಿಗೆ ಸ್ಪಾರ್ಕಿ ಎಂಬ ಜೀವಂತ ನಾಯಿಯನ್ನೂ, ಮತ್ತೆ ಕೆಲವರ ಬಳಿಗೆ ಐಬೋ ಎಂಬ ಯಂತ್ರದ ನಾಯಿಯನ್ನೂ ವಾರಕ್ಕೊಮ್ಮೆ ಕಳುಹಿಸಲಾಯಿತು. ಎರಡು ಗುಂಪುಗಳಲ್ಲಿಯೂ ಒಂಟಿತನ ತಗ್ಗಿತು; ಇವೆರಡರ ನಡುವೆ ಎಣಿಸುವಂತಹ ಅಂತರ ಕಾಣಲಿಲ್ಲ. ಹಾಗಾದರೆ ಯಂತ್ರವೇ ಸಾಕಲ್ಲವೇ, ಒಂದು ಜೀವವನ್ನು ಈ ಕೆಲಸಕ್ಕೆ ಏಕೆ ಹಚ್ಚಬೇಕು ಎಂದು ಕೇಳುವವರಿದ್ದಾರೆ. ಅಹಿಂಸೆಯ ದೃಷ್ಟಿಯಿಂದ ಈ ಪ್ರಶ್ನೆ ಹಗುರವಾದುದಲ್ಲ.

ನನ್ನ ಅಲ್ಪಮತಿಗೆ ತೋಚುವ ಉತ್ತರ ಹೀಗಿದೆ. ವಾರದಲ್ಲಿ ಅರ್ಧ ಗಂಟೆಯ ಭೇಟಿಯಿಂದ ದೊರೆಯುವುದು ವಿನೋದ ಮತ್ತು ಸಂಗ. ಅಷ್ಟನ್ನು ಯಂತ್ರವೂ ಒದಗಿಸೀತು. ಯಂತ್ರಕ್ಕೆ ಹಸಿವಿಲ್ಲ, ಬಾಯಾರಿಕೆಯಿಲ್ಲ, ನೋವಿಲ್ಲ. ಅದಕ್ಕೆ ನಾವು ಏನನ್ನು ಮಾಡಿದರೂ ಅದಕ್ಕೆ ಲಾಭವೂ ಇಲ್ಲ, ಮಾಡದಿದ್ದರೆ ನಷ್ಟವೂ ಇಲ್ಲ. ನೀರಿನ ಬಟ್ಟಲು ಬರಿದಾದಾಗ ಮುಖವೆತ್ತಿ ನೋಡುವ ನಾಯಿಗೆ ಮಾತ್ರ ವೃದ್ಧನ ನಡುಗುವ ಕೈಯ ಅವಶ್ಯಕತೆಯಿದೆ. ಉಪಕಾರಕ್ಕೆ ಪಾತ್ರವಾಗಬಲ್ಲ ಇನ್ನೊಂದು ಜೀವವಿಲ್ಲದೆ ಉಪಕಾರವೆಂಬುದೇ ಇಲ್ಲ. ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತಾ ಬಾಳುತ್ತವೆ ಎಂಬ ಮಾತನ್ನು ಬಾಲ್ಯದಿಂದ ಕೇಳುತ್ತಾ ಬಂದ ಈ ಪತ್ರಿಕೆಯ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಾಯಿಯ ಪಾಲು

ಪರಸ್ಪರವೆಂದ ಮೇಲೆ ನಾಯಿಯ ಪಾಲನ್ನೂ ವಿಚಾರಿಸಲೇಬೇಕು. ಲೆವಿನ್ಸನ್ ಅವರನ್ನು ಕೇಳಿದ ಆ ನಗೆಯ ಪ್ರಶ್ನೆ ವಾಸ್ತವವಾಗಿ ಗಂಭೀರವಾದುದೇ. ದಿನವೆಲ್ಲ ಅಪರಿಚಿತರ ಕೈಗಳಿಂದ ಸವರಿಸಿಕೊಳ್ಳುವುದು ನಾಯಿಗೂ ಆಯಾಸಕರ. ಅದು ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸುವುದು ಸಾಕೆಂಬುದರ ಸೂಚನೆ. ಬಲ್ಲವರು ಅದನ್ನು ಅರಿತು ಹೊರಗೆ ಕರೆದೊಯ್ಯುತ್ತಾರೆ. ಮರೆವಿನ ರೋಗಿಯೊಬ್ಬನು ತಿಳಿಯದೆ ಬಿಗಿಯಾಗಿ ಹಿಡಿದರೆ ನೋವಾಗುವುದೂ ಉಂಟು. ಪ್ರತಿಯೊಬ್ಬರೂ ಪ್ರೀತಿಯಿಂದ ತಮ್ಮ ತಟ್ಟೆಯ ತುತ್ತನ್ನು ಕೊಟ್ಟು ನಾಯಿಯ ಮೈ ಮಿತಿಮೀರಿ ಬೆಳೆಸುವುದೂ ಉಂಟು.

1998ರಲ್ಲಿ ಪ್ರಾಗ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಒಕ್ಕೂಟವೊಂದು ಈ ಬಗ್ಗೆ ಘೋಷಣೆಯನ್ನು ಹೊರಡಿಸಿತು. ಪ್ರಾಣಿಯನ್ನು ದಂಡಿಸದೆ ಪ್ರೀತಿಯಿಂದ ಕಲಿಸಿರಬೇಕು, ಅದಕ್ಕೆ ಕೆಡುಕಾಗದಂತೆ ರಕ್ಷಣೆಯಿರಬೇಕು ಎಂಬುದು ಅದರ ಸಾರ. ಅಮೆರಿಕದ 'ಪೆಟ್ ಪಾರ್ಟ್‌ನರ್ಸ್' ಸಂಸ್ಥೆಯು ನಾಯಿಯ ಸೇವೆ ದಿನಕ್ಕೆ 2 ಗಂಟೆಯನ್ನು ಮೀರಬಾರದೆಂದು ನಿಯಮಿಸಿದೆ. ವೃದ್ಧರ ಪೈಕಿಯೂ ನಾಯಿಗೆ ಅಂಜುವವರು, ನಾಯಿಯ ಕೂದಲಿನಿಂದ ಉಬ್ಬಸ ಬರುವವರು ಇದ್ದೇ ಇರುತ್ತಾರೆ. ಅವರ ಮೇಲೆ ಇದನ್ನು ಹೇರುವುದೂ ಹಿಂಸೆಯೇ. ಒಬ್ಬರ ಸಂತೋಷವನ್ನು ಇನ್ನೊಬ್ಬರ ಭಯದಿಂದಾಗಲಿ ಮೂಕಜೀವದ ದಣಿವಿನಿಂದಾಗಲಿ ಕೊಳ್ಳಬಾರದು.

ಬಾಗಿಲು ತೆರೆದ ಕಾನೂನುಗಳು

ಸಂತೋಷವನ್ನು ಸ್ವಯಂಸೇವಕರ ಔದಾರ್ಯಕ್ಕೆ ಮಾತ್ರ ಬಿಡಬಾರದೆಂದು ಕೆಲವು ಸರಕಾರಗಳು ಮನಗಂಡವು. ಅಮೆರಿಕವು 1983ರಲ್ಲಿ ಕಾನೂನು ಮಾಡಿ, ಸರಕಾರದ ಧನಸಹಾಯ ಪಡೆದ ವೃದ್ಧರ ಮತ್ತು ಅಂಗವಿಕಲರ ಬಾಡಿಗೆ ಮನೆಗಳಲ್ಲಿ ಸಾಕುಪ್ರಾಣಿಯನ್ನು ನಿಷೇಧಿಸಕೂಡದೆಂದು ವಿಧಿಸಿತು. ಶುಶ್ರೂಷಾಲಯಗಳಿಗೆ ಅದು ಅನ್ವಯಿಸಲಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ರೋಗದ ಭೀತಿಯಿಂದ ಅಲ್ಲಿನ ಶುಶ್ರೂಷಾಲಯಗಳು ಹೊರಗಿನವರಿಗೆ ಬಾಗಿಲು ಮುಚ್ಚಿದಾಗ ಮಕ್ಕಳು ಮೊಮ್ಮಕ್ಕಳೊಡನೆ ಭೇಟಿಯ ನಾಯಿಗಳೂ ಹೊರಗುಳಿದವು. ಅತಿಥಿಗೂ ಮನೆಯವರಿಗೂ ಇರುವ ಅಂತರ ಆಗ ಎಲ್ಲರಿಗೂ ತಿಳಿಯಿತು.

ಫ್ರಾನ್ಸ್ ದೇಶವು 2024ರ ಏಪ್ರಿಲ್ 8ರ ಕಾನೂನಿನ ಮೂಲಕ ಮತ್ತೊಂದು ಹೆಜ್ಜೆ ಮುಂದಿಟ್ಟಿತು. ಶುಶ್ರೂಷಾಲಯದಲ್ಲಿ ನಿವಾಸಿಗಳ ಪ್ರತಿನಿಧಿಗಳಿರುವ ಮಂಡಳಿ ಬೇಡವೆನ್ನದಿದ್ದರೆ, ವೃದ್ಧರು ತಮ್ಮ ಸಾಕುಪ್ರಾಣಿಯನ್ನು ಅಲ್ಲಿಗೆ ತಂದುಕೊಳ್ಳುವುದು ಅವರ ಹಕ್ಕೆಂದು ಅದು ಒಪ್ಪಿಕೊಂಡಿತು. ಅದಕ್ಕೊಂದು ಷರತ್ತಿದೆ. ಆ ಪ್ರಾಣಿಯ ಅವಶ್ಯಕತೆಗಳನ್ನು ಪೂರೈಸುವ ಶಕ್ತಿ ಅದರ ಒಡೆಯನಿಗೆ ಇರಬೇಕು. ಮೇಲ್ನೋಟಕ್ಕೆ ಇದು ನಿರ್ಬಂಧದಂತೆ ಕಾಣುತ್ತದೆ. ಆದರೆ ಪಡೆಯುವವನೆಂದೇ ಎಣಿಸಲ್ಪಟ್ಟ ವೃದ್ಧನನ್ನು ಕಾನೂನು ಇಲ್ಲಿ ಪಾಲಕನೆಂದು ಕರೆದಿದೆ. ಅವನಲ್ಲಿ ಹೊಣೆಯನ್ನು ನಂಬಿ ಒಪ್ಪಿಸಿದೆ. ನೈಟಿಂಗೇಲ್ ಅವರು 1859ರಲ್ಲಿ ದಾದಿಗೆ ಹೇಳಿದ ಬುದ್ಧಿವಾದ 165 ವರ್ಷಗಳ ತರುವಾಯ ಒಂದು ದೇಶದ ಶಾಸನದಲ್ಲಿ ಸ್ಥಾನ ಪಡೆಯಿತು.

ಯಾರ್ಕ್‌ನ ಚಹಾ ವ್ಯಾಪಾರಿಯಿಂದ ಈ ಶಾಸನದವರೆಗಿನ ಚರಿತ್ರೆಯನ್ನು ಒಟ್ಟಾಗಿ ನೋಡಿದಾಗ, ವೃದ್ಧರ ಸೇವೆ ಮಾಡುವ ನಮ್ಮೆಲ್ಲರಿಗೂ ಒಂದು ಎಚ್ಚರಿಕೆಯಿದೆ. ನಾವು ಭಕ್ತಿಯಿಂದಲೇ ಹಿರಿಯರ ಕೈಯಿಂದ ಒಂದೊಂದಾಗಿ ಕೆಲಸವನ್ನು ತೆಗೆದುಕೊಳ್ಳುತ್ತೇವೆ. ನೀವು ಏಳಬೇಡಿ, ನಾವು ಮಾಡುತ್ತೇವೆ ಎನ್ನುತ್ತೇವೆ. ಆ ಮಾತಿನಲ್ಲಿ ಪ್ರೀತಿಯಿದ್ದರೂ ಅದು ಅವರ ಖಾತೆಯ ಕೊಟ್ಟ ಬದಿಯನ್ನು ಬರಿದು ಮಾಡುತ್ತದೆ. ಎಲ್ಲ ಕಡೆಯೂ ನಾಯಿಯನ್ನು ಸಾಕಲಾಗದು, ಸಾಕಬೇಕೆಂದೂ ಇಲ್ಲ. ಬಾಗಿಲಿಗೆ ಬರುವ ಹಸುವಿಗೆ ಒಂದು ಹಿಡಿ ಹುಲ್ಲು, ಅಂಗಳದ ಹಕ್ಕಿಗೆ ಕಾಳು, ತುಳಸಿಗೊಂದು ತಂಬಿಗೆ ನೀರು, ಇಷ್ಟನ್ನಾದರೂ ಅವರ ಕೈಗೇ ಬಿಡೋಣ. ನೀರು ಸ್ವಲ್ಪ ಚೆಲ್ಲಿದರೆ ಒರೆಸಿದರಾಯಿತು. ಕೊಡುವ ಸಂತೋಷವನ್ನು ಅವರಿಂದ ಕಸಿದುಕೊಂಡರೆ ಅದನ್ನು ಹಿಂದಕ್ಕೆ ಕೊಡುವ ಔಷಧಿ ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ.